ರೇಂಜ್ ರೋವರ್‌ನ ದುರ್ಗಮ ಹಾದಿಯ ಸಾಮರ್ಥ್ಯ

ರೇಂಜ್ ರೋವರ್ ಬ್ರಿಟನ್ನಿನ ಲ್ಯಾಂಡ್ ರೋವರ್ ಬಳಗದ ಐಷಾರಾಮಿ ಎಸ್‌ಯುವಿ. ಇದರ ಮೊದಲ ಮಾದರಿ 1970ರ ಜೂನ್‌ನಲ್ಲಿ ಬಿಡುಗಡೆಯಾಯಿತು. ರಸ್ತೆಯಲ್ಲಿ ಕಾರಿನಂತೆ ಸುಖವಾಗಿ ಸಾಗಬೇಕು, ರಸ್ತೆಯಿಲ್ಲದ ಕಡೆ ಜೀಪಿನಂತೆ ಏರಿಳಿಯಬೇಕು ಎಂಬ ಎರಡು ಬೇಡಿಕೆಗಳನ್ನು ಒಂದೇ ವಾಹನದಲ್ಲಿ ಪೂರೈಸುವುದು ಇದರ ವಿನ್ಯಾಸಕಾರರಾದ ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಷ್‌ಫರ್ಡ್ ಅವರ ಉದ್ದೇಶವಾಗಿತ್ತು. 2008ರಲ್ಲಿ ಈ ಸಂಸ್ಥೆಯನ್ನು ಭಾರತದ ಟಾಟಾ ಮೋಟರ್ಸ್ ಕೊಂಡುಕೊಂಡಿತು.

ಮೊದಲ ಮಾದರಿಯನ್ನು ಇಂದಿನ ಅರ್ಥದಲ್ಲಿ ಐಷಾರಾಮಿ ಎನ್ನುವುದು ಕಷ್ಟ. ಅದಕ್ಕೆ ಎರಡೇ ಬಾಗಿಲುಗಳಿದ್ದವು. ಒಳಭಾಗದ ಕೆಸರನ್ನು ನೀರು ಹಾಯಿಸಿ ತೊಳೆಯಲೆಂದು ಆಸನಗಳಿಗೆ ವಿನೈಲ್ ಹೊದಿಸಲಾಗಿತ್ತು. ನಾಲ್ಕು ಬಾಗಿಲುಗಳ ಮಾದರಿ ಬಂದದ್ದು 1981ರಲ್ಲಿ.

ಯಾಂತ್ರಿಕ ರಚನೆ

ಆ ಕಾಲದ ಒರಟು ವಾಹನಗಳಲ್ಲಿ ಸಾಮಾನ್ಯವಾಗಿ ಲಾರಿಗಳಲ್ಲಿರುವಂತಹ ಪಟ್ಟಿ ಸ್ಪ್ರಿಂಗ್‌ಗಳಿರುತ್ತಿದ್ದವು. ರೇಂಜ್ ರೋವರ್‌ನಲ್ಲಿ ಉದ್ದನೆಯ ಸುರುಳಿ ಸ್ಪ್ರಿಂಗ್‌ಗಳನ್ನು ಬಳಸಲಾಯಿತು. ಇದರಿಂದ ಒಂದು ಚಕ್ರ ಬಂಡೆಯ ಮೇಲೇರಿದರೂ ಇನ್ನೊಂದು ಹಳ್ಳದೊಳಗಿಳಿದು ನೆಲವನ್ನು ಹಿಡಿದಿರುತ್ತದೆ. ನೆಲ ಬಿಟ್ಟ ಚಕ್ರ ಎಷ್ಟು ತಿರುಗಿದರೂ ವ್ಯರ್ಥವೇ.

ಮೊದಲ ಮಾದರಿಯಲ್ಲಿ ಎಂಜಿನ್ನಿನ ಶಕ್ತಿ ಸದಾ ನಾಲ್ಕೂ ಚಕ್ರಗಳಿಗೆ ಹರಿಯುತ್ತಿತ್ತು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕಾದುದರಿಂದ ಅವುಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ಆದರೆ ಕೆಸರಿನಲ್ಲಿ ಇದೇ ತೊಡಕಾಗುತ್ತದೆ: ಜಾರುವ ಚಕ್ರದತ್ತಲೇ ಶಕ್ತಿ ಹರಿದು ವಾಹನ ನಿಂತಲ್ಲೇ ನಿಲ್ಲುತ್ತದೆ. ಆಗ ಡಿಫರೆನ್ಷಿಯಲ್ ಅನ್ನು ಬಂಧಿಸಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಕಡಿದಾದ ಏರು ಮತ್ತು ಇಳಿಜಾರುಗಳಿಗಾಗಿ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ‘ಲೋ ರೇಂಜ್’ ಗೇರುಗಳಿವೆ.

ಡೇರಿಯನ್ ಪರೀಕ್ಷೆ

ಈ ಸಾಮರ್ಥ್ಯದ ಅತಿ ಕಠಿಣ ಪರೀಕ್ಷೆ 1972ರಲ್ಲಿ ನಡೆಯಿತು. ಜಾನ್ ಬ್ಲಾಷ್‌ಫರ್ಡ್-ಸ್ನೆಲ್ ನೇತೃತ್ವದ ಬ್ರಿಟಿಷ್ ತಂಡವು ಎರಡು ರೇಂಜ್ ರೋವರ್‌ಗಳೊಂದಿಗೆ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಸಾಗಿತು. ಪನಾಮ ಮತ್ತು ಕೊಲಂಬಿಯಗಳ ನಡುವಿನ ಡೇರಿಯನ್ ಎಂಬ ರಸ್ತೆಯಿಲ್ಲದ ಕಾಡು-ಜೌಗು ಪ್ರದೇಶವನ್ನು ದಾಟಲು ಅದಕ್ಕೆ ಸುಮಾರು ನೂರು ದಿನ ಹಿಡಿಯಿತು. ಸೈನಿಕರು ಮುಂದೆ ನಡೆದು ಕಾಡು ಕಡಿದರು. ನದಿಗಳಲ್ಲಿ ವಾಹನಗಳನ್ನು ಗಾಳಿ ತುಂಬಿದ ತೆಪ್ಪದ ಮೇಲೆ ಸಾಗಿಸಲಾಯಿತು. ಆರಂಭದಲ್ಲೇ ಡಿಫರೆನ್ಷಿಯಲ್‌ಗಳು ಮುರಿದವು. ಜೌಗಿಗೆಂದು ಅಳವಡಿಸಿದ್ದ ಭಾರಿ ಟೈರುಗಳ ಹೊರೆಯೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ವಾಹನಗಳು ಪಾರಾದದ್ದು ಎಂಜಿನ್ನಿನಷ್ಟೇ ಮನುಷ್ಯರ ದುಡಿಮೆಯಿಂದ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಮುಂದೆ 1979ರ ಮೊದಲ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ ರೇಂಜ್ ರೋವರ್ ಕಾರುಗಳ ಪೈಕಿ ಮೊದಲನೆಯದಾಯಿತು. 1981ರಲ್ಲಿ ರೆನೆ ಮೆಟ್ಜ್ ಇದರಲ್ಲೇ ಗೆದ್ದರು.

ನಂತರದ ಬದಲಾವಣೆಗಳು

1992ರಲ್ಲಿ ಬಂದ ಗಾಳಿ ಸಸ್ಪೆನ್ಷನ್ ವಾಹನವನ್ನು ಅಗತ್ಯವಿದ್ದಾಗ ಮೇಲೆತ್ತುವ ಅನುಕೂಲ ಒದಗಿಸಿತು. ಮೂರನೆಯ ತಲೆಮಾರಿನಲ್ಲಿ ಪ್ರತ್ಯೇಕ ಚಾಸಿಯನ್ನು ಕೈಬಿಡಲಾಯಿತು. ಮಣ್ಣು, ಮರಳು, ಹಿಮಗಳಿಗೆ ತಕ್ಕಂತೆ ಎಂಜಿನ್ ಹಾಗೂ ಬ್ರೇಕುಗಳನ್ನು ಹೊಂದಿಸುವ ‘ಟೆರೇನ್ ರೆಸ್ಪಾನ್ಸ್’ ವ್ಯವಸ್ಥೆಯೂ ಬಳಿಕ ಸೇರಿತು. 2012ರ ಅಲ್ಯೂಮಿನಿಯಂ ಕವಚದ ಮಾದರಿಯು 900 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದು. ಹಿಂದಿನದರ ಮಿತಿ 700 ಮಿಲಿಮೀಟರ್.

ಮಿತಿಗಳು

ಇಂದಿನ ಮಾದರಿಗಳಿಗೆ ಅಂದಕ್ಕಾಗಿ ಅಳವಡಿಸುವ ದೊಡ್ಡ ರಿಮ್ಮುಗಳ ಮೇಲೆ ಟೈರಿನ ಅಂಚು ತೆಳ್ಳಗಿರುತ್ತದೆ. ಚೂಪುಗಲ್ಲು ತಾಗಿದರೆ ಅದು ಸುಲಭವಾಗಿ ಹರಿಯಬಹುದು. ಮರಳಿನಲ್ಲಿ ಸಾಗಲು ಗಾಳಿ ಇಳಿಸುವ ಹಳೆಯ ಉಪಾಯಕ್ಕೂ ಅಲ್ಲಿ ಹೆಚ್ಚು ಅವಕಾಶವಿಲ್ಲ. ಗಾಳಿ ಸಸ್ಪೆನ್ಷನ್ ಅಥವಾ ಎಲೆಕ್ಟ್ರಾನಿಕ್ ಘಟಕಗಳು ಕೆಟ್ಟರೆ ಅವನ್ನು ಹಾದಿಬದಿಯ ಸಾಮಾನ್ಯ ಸಲಕರಣೆಗಳಿಂದ ಸರಿಪಡಿಸುವುದು ಕಷ್ಟ. ಆದುದರಿಂದ ದೂರದ ಮರುಭೂಮಿ ಪಯಣಗಳಿಗೆ ಸರಳ ರಚನೆಯ ಹಳೆಯ ಮಾದರಿಗಳನ್ನೇ ಆಯ್ದುಕೊಳ್ಳುವವರು ಈಗಲೂ ಇದ್ದಾರೆ.