ಬಿನೆ–ಕಾಮತ್ ಬುದ್ಧಿಶಕ್ತಿ ಪರೀಕ್ಷೆ

ಮಕ್ಕಳ ಬುದ್ಧಿಮಟ್ಟ ಅಳೆಯಲು ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆ. 1930ರ ದಶಕದಲ್ಲಿ ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಧಾರವಾಡದಲ್ಲಿ ಇದನ್ನು ರೂಪಿಸಿದರು. ಮೂರನೇ ವರ್ಷದಿಂದ 22ನೇ ವರ್ಷದವರೆಗಿನ ವಯೋಹಂತಗಳು ಇದರಲ್ಲಿವೆ.

ಪರೀಕ್ಷೆಯ ಮೂಲ ಪ್ಯಾರಿಸ್‌ನಲ್ಲಿದೆ. 1882ರ ಕಾಯ್ದೆಯಿಂದ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಎಲ್ಲ ಮಕ್ಕಳೂ ಶಾಲೆಗೆ ಬಂದ ಮೇಲೆ, ತರಗತಿಯ ಜೊತೆ ಸಾಗಲಾರದವರನ್ನು ಗುರುತಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಸರ್ಕಾರ 1904ರಲ್ಲಿ ನೇಮಿಸಿದ ಆಯೋಗದಲ್ಲಿ ಆಲ್ಫ್ರೆಡ್ ಬಿನೆ ಸದಸ್ಯರಾಗಿದ್ದರು. ವೈದ್ಯ ಥಿಯೊಡೋರ್ ಸಿಮೊನ್ ಜೊತೆಗೂಡಿ ಅವರು 1905ರಲ್ಲಿ 30 ಚಟುವಟಿಕೆಗಳ ಮಾಪಕವೊಂದನ್ನು ಹೊರತಂದರು; 1908ರಲ್ಲಿ ಅದನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಬುದ್ಧಿ ಹುಟ್ಟಿನಿಂದ ನಿಗದಿಯಾದ ಮೊತ್ತ ಎಂಬ ಮಾತನ್ನು ಬಿನೆ ಒಪ್ಪಲಿಲ್ಲ. ಸರಿಯಾದ ಅಭ್ಯಾಸದಿಂದ ಹಿಂದುಳಿದ ಮಗುವೂ ಬೆಳೆಯಬಲ್ಲದು ಎಂದೇ ವಾದಿಸಿದರು. ಅವರು ತೀರಿಕೊಂಡದ್ದು 1911ರಲ್ಲಿ. ಮರುವರ್ಷವೇ ಜರ್ಮನಿಯ ವಿಲ್ಹೆಲ್ಮ್ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿ, ತಮ್ಮ ಸ್ಟ್ಯಾನ್‌ಫರ್ಡ್ ಆವೃತ್ತಿಯ ಮೂಲಕ ಐಕ್ಯೂ ಅಂಕಿಯನ್ನು ಬಳಕೆಗೆ ತಂದರು. ಬಿನೆ ಬಯಸದಿದ್ದ ದಾರಿ ಇದು.

ಭಾರತದಲ್ಲಿ ಮೊದಲ ರೂಪಾಂತರವನ್ನು ಲಾಹೋರಿನಲ್ಲಿ ಸಿ. ಹರ್ಬರ್ಟ್ ರೈಸ್ 1920ರ ದಶಕದಲ್ಲಿ ಮಾಡಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು; ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಕಾಮತರು ಕೆಲಸಕ್ಕೆ ಕೈಹಾಕಿದ ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು; ಅವರು ಎರಡೂ ಭಾಷೆಗಳ ಮಕ್ಕಳನ್ನು ಆರಿಸಿಕೊಂಡರು. ಬರೀ ಅನುವಾದ ಸಾಲದು, ಭಾಷೆ ಬದಲಾದರೆ ಪ್ರಶ್ನೆಯ ಕಷ್ಟವೂ ಬದಲಾಗುತ್ತದೆ. ಆದ್ದರಿಂದ ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುತ್ತದೆಂಬುದನ್ನು ಇಲ್ಲಿನ ಮಕ್ಕಳಿಂದಲೇ ತಿಳಿಯಬೇಕಿತ್ತು. 1934ರಲ್ಲಿ ಈ ಕೆಲಸ ಬ್ರಿಟಿಷ್ ಶೈಕ್ಷಣಿಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. 1940ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪುಸ್ತಕವಾಗಿ ತಂದಿತು.

ಲೆಕ್ಕ ಹಾಕುವ ಕ್ರಮ ಸರಳ. ಹತ್ತನೇ ವರ್ಷದವರೆಗೆ ಪ್ರತಿ ಹಂತದಲ್ಲಿ ಆರು ಪ್ರಶ್ನೆ, ಒಂದೊಂದಕ್ಕೆ ಎರಡು ತಿಂಗಳು. ಎಂಟು ವರ್ಷದ ಮಗು ಐದನೇ ವರ್ಷದ ಹಂತವನ್ನು ಪೂರ್ತಿ ದಾಟಿ, ಆರರಲ್ಲಿ ಮೂರು, ಏಳರಲ್ಲಿ ಎರಡು, ಎಂಟರಲ್ಲಿ ಒಂದು ಪ್ರಶ್ನೆಗೆ ಉತ್ತರಿಸಿದರೆ ಅದರ ಮಾನಸಿಕ ವಯಸ್ಸು ಆರು, ಐಕ್ಯೂ 75.

ಈ 75 ಮುಂದೆ ಶೈಕ್ಷಣಿಕ ಸೌಲಭ್ಯದ ಪ್ರಶ್ನೆಯಾಯಿತು. 2001ರ ಸರ್ಕಾರಿ ಮಾರ್ಗಸೂಚಿ 50ರಿಂದ 69ರ ಐಕ್ಯೂಗೆ ಶೇ. 50, 70ರಿಂದ 79ಕ್ಕೆ ಶೇ. 25 ಅಂಗವಿಕಲತೆ ನಿಗದಿ ಮಾಡಿತು. ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕು. ಹೀಗಾಗಿ ಮಾನಸಿಕ ವಯಸ್ಸಿನಲ್ಲಿ ಎರಡು ವರ್ಷ ಹಿಂದಿರುವ ಈ ಮಗುವೂ ಆ ಗೆರೆಯಿಂದ ಹೊರಗುಳಿಯಿತು.

ಪರೀಕ್ಷೆಯ ಮಿತಿಗಳು ತಜ್ಞರಿಗೆ ಗೊತ್ತಿಲ್ಲದವಲ್ಲ. ಇದು ಮಾತಿನ ಮೇಲೆ ತುಂಬ ನಿಂತಿದೆ. ಓದು ಬಾರದವರಿಗೆಂದು ಸಿ.ಎಂ. ಭಾಟಿಯಾ 1955ರಲ್ಲಿ ಕೈಕೆಲಸದ ಪರೀಕ್ಷೆಗಳನ್ನು ರೂಪಿಸಿದರು; ನಾಗಪುರದ ಆರ್ಥರ್ ಮಾಲಿನ್ 1969ರಲ್ಲಿ ವೆಕ್ಸ್ಲರ್ ಬುದ್ಧಿಶಕ್ತಿ ಮಾಪಕವನ್ನು ಭಾರತೀಯ ಮಕ್ಕಳಿಗೆ ಒಗ್ಗಿಸಿದರು. ಕಾಮತರ ಮಾನದಂಡಗಳು ಹಳೆಯವು ಎಂಬುದು ಇನ್ನೂ ಗಂಭೀರ ಆಕ್ಷೇಪ. ಹಲವು ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಅಂಕಗಳು ಏರಿದ್ದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದ ಮೇಲೆ, 1930ರ ದಶಕದ ಮಕ್ಕಳೊಂದಿಗೆ ಇಂದಿನ ಮಗುವನ್ನು ಹೋಲಿಸುವುದು ಸಮರ್ಥನೀಯವಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ 21ಕ್ಕೆ ಏರಿಸಿತು. 2018ರ ಮಾರ್ಗಸೂಚಿ ಬೌದ್ಧಿಕ ಅಸಾಮರ್ಥ್ಯದ ಪ್ರಮಾಣವನ್ನು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತಾ ಮಾಪಕಕ್ಕೆ ಜೋಡಿಸಿತು. ಊಟ, ಬಟ್ಟೆ, ಓಡಾಟ, ಜನರೊಂದಿಗಿನ ಒಡನಾಟ ಇವುಗಳಲ್ಲಿ ಮಗು ಎಷ್ಟು ಸ್ವತಂತ್ರ ಎಂಬುದನ್ನು ಇದು ಕೇಳುತ್ತದೆ. 1908ರಲ್ಲಿ ಬಿನೆಯ ಪರೀಕ್ಷೆ ಅಮೆರಿಕಕ್ಕೆ ಕಾಲಿಟ್ಟ ವೈನ್‌ಲ್ಯಾಂಡ್ ತರಬೇತಿ ಶಾಲೆಯಲ್ಲೇ ಎಡ್ಗರ್ ಡಾಲ್ 1935ರಲ್ಲಿ ಈ ಮಾಪಕವನ್ನು ರೂಪಿಸಿದ್ದು. ನಿರ್ದಿಷ್ಟ ಕಲಿಕಾ ನ್ಯೂನತೆಯ ಪತ್ತೆಗೆ ಅದೇ ಮಾರ್ಗಸೂಚಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ಪರೀಕ್ಷಾಸರಣಿಯನ್ನು ಸೂಚಿಸಿತು. ಮೂರನೇ ತರಗತಿ ಅಥವಾ ಎಂಟನೇ ವಯಸ್ಸು, ಯಾವುದು ಮೊದಲೋ ಆಗ ಶಿಕ್ಷಕರು ಪ್ರಾಥಮಿಕ ತಪಾಸಣೆ ನಡೆಸಬೇಕೆಂದಿತು.