ಮದರಾಸಿನ ಗಲ್ಲಾಪೆಟ್ಟಿಗೆಯೂ ಮುಖಪರಿಚಯವೂ

ಸಾಲ ಕೊಡುವವನೂ ಪಡೆಯುವವನೂ ಒಬ್ಬರಿಗೊಬ್ಬರು ಸಮೀಪದಲ್ಲಿರಬೇಕೆಂಬುದನ್ನು ಅರ್ಥಶಾಸ್ತ್ರದ ತತ್ತ್ವವಾಗಿ ಮೊದಲು ಒತ್ತಿ ಹೇಳಿದವರಲ್ಲಿ ಮದರಾಸು ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಒಬ್ಬನು. ರೈತರ ಸಾಲದ ಸಮಸ್ಯೆಯನ್ನು ವಿಚಾರಿಸಲು ಪ್ರಾಂತ ಸರ್ಕಾರವು 1892ರಲ್ಲಿ ಅವನನ್ನು ನೇಮಿಸಿತು. 1895ರಲ್ಲಿಯೂ 1897ರಲ್ಲಿಯೂ ಹೊರಬಂದ ಅವನ ವರದಿಯ ಎರಡು ಸಂಪುಟಗಳು ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಕಟ್ಟಿದ ಸಂಘಗಳ ಕಡೆಗೆ ಬೆರಳು ತೋರಿದವು. ಆ ಸಂಘಗಳಲ್ಲಿ ಅಡಮಾನಕ್ಕಿಂತ ಮಿಗಿಲಾದ ಭದ್ರತೆಯೆಂದರೆ ನೆರೆಯವರ ಕಣ್ಣು. ಯಾರು ದುಡಿಯುವವನು, ಯಾರು ಕುಡಿಯುವವನು ಎಂಬುದು ಹಳ್ಳಿಗೆ ಗೊತ್ತಿರುತ್ತದೆ. ಆ ಅರಿವೇ ಬಂಡವಾಳ. ಮುಖಪರಿಚಯವೆಂಬುದನ್ನು ಬರಿಯ ಸೌಜನ್ಯದ ಮಾತೆಂದು ತಿಳಿಯುವವರು ಈ ವರದಿಯನ್ನು ನೆನೆಯಬೇಕು.

ಈ ವಿಚಾರದ ಫಲವಾಗಿ 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವು ಆ ಕಾಯಿದೆಯಡಿ ನೋಂದಣಿಯಾಯಿತು. ಮದರಾಸು ನಗರದಲ್ಲಿ ಅದೇ 1904ರಲ್ಲಿ ಟ್ರಿಪ್ಲಿಕೇನಿನ ಕೆಲವರು ವಿದ್ಯಾವಂತರು ಕೂಡಿ ದಿನಸಿಯ ಅಂಗಡಿಯೊಂದನ್ನು ತೆರೆದರು. ಅದೇ ಟ್ರಿಪ್ಲಿಕೇನ್ ಅರ್ಬನ್ ಕೋ-ಆಪರೇಟಿವ್ ಸೊಸೈಟಿ. ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳ ಹೆಸರು ಅದರ ಆರಂಭದೊಂದಿಗೆ ಬೆಸೆದುಕೊಂಡಿದೆ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲಿನ ಇಪ್ಪತ್ತೆಂಟು ಮಂದಿ ಕೆಲಸಗಾರರು ತೆರೆದ ಅಂಗಡಿಯೇ ಇಂತಹ ಅಂಗಡಿಗಳಿಗೆಲ್ಲ ಮಾದರಿ. ಒಡೆಯರೂ ಗಿರಾಕಿಗಳೂ ಒಬ್ಬರೇ ಆದುದರಿಂದ ತೂಕದಲ್ಲಿ ಮೋಸ ಮಾಡಲು ಅಲ್ಲಿ ಯಾರಿಗೂ ಕಾರಣವಿರಲಿಲ್ಲ. ಸೊಸೈಟಿ ಆರಂಭವಾದ ಕೆಲವೇ ವರ್ಷಗಳಲ್ಲಿ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಹೆಸರಾಂತ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದು ಸಾವಿರಾರು ಜನರ ಉಳಿತಾಯ ಮುಳುಗಿಹೋಯಿತು. ದೂರದ ದೊಡ್ಡ ಹೆಸರನ್ನು ನಂಬಿದವರು ಕೆಟ್ಟರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದುದೂ ಮರುವರ್ಷ ಮದರಾಸಿನಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿದುದೂ ಒಂದೇ ಕಾಲದ ಮನೋಧರ್ಮವನ್ನು ತೋರಿಸುತ್ತವೆ.

ಇನ್ನು ಈ ನಗರದ ಕನ್ನಡಿಗರ ವಿಷಯ. 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡಕ್ಕೆ ಮದರಾಸೇ ರಾಜಧಾನಿ, ಬಳ್ಳಾರಿಯವರಿಗೆ 1953ರವರೆಗೆ. ಹೈಕೋರ್ಟಿನ ಅಪೀಲು, ವಿಶ್ವವಿದ್ಯಾನಿಲಯದ ಪರೀಕ್ಷೆ, ಸರ್ಕಾರದ ಅರ್ಜಿ, ಎಲ್ಲಕ್ಕೂ ಇಲ್ಲಿಗೇ ಬರಬೇಕು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಆ ಬರವು ಹೆಚ್ಚಿತು. ಸೆಂಟ್ರಲ್ ನಿಲ್ದಾಣದಲ್ಲಿ ಇಳಿದ ಪುತ್ತೂರಿನ ಅಥವಾ ಕುಂದಾಪುರದ ಮನುಷ್ಯನಿಗೆ ತಮಿಳು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನು ಮೊದಲು ವಿಚಾರಿಸುತ್ತಿದ್ದುದು ವಕೀಲರ ಮನೆಯನ್ನಲ್ಲ, ಉಡುಪಿ ಹೋಟೆಲನ್ನು.

ಉಡುಪಿ ಹೋಟೆಲಿನ ಇತಿಹಾಸವನ್ನು ಇಡ್ಲಿ ದೋಸೆಗಳ ಇತಿಹಾಸವಾಗಿ ಮಾತ್ರ ಬರೆಯುವುದು ರೂಢಿಯಾಗಿದೆ. ಅದು ಅರ್ಧ ಸತ್ಯ. ಬಾಗಿಲ ಬಳಿಯ ಎತ್ತರದ ಮೇಜು, ಅದರ ಹಿಂದೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಯಜಮಾನರು: ಈ ಸ್ಥಾನಕ್ಕೆ ಹಣ ಎಣಿಸುವುದರ ಜೊತೆಗೆ ಬೇರೆ ಹತ್ತು ಕೆಲಸಗಳಿದ್ದವು. ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸಬೇಕಾದ ಪೊಟ್ಟಣ ಅಲ್ಲಿ ಉಳಿಯುತ್ತಿತ್ತು. ವಿಳಾಸವಿಲ್ಲದ ವಿದ್ಯಾರ್ಥಿಯ ಕಾಗದ ಅಲ್ಲಿಗೆ ಬರುತ್ತಿತ್ತು. ತಿಂಗಳ ಕೊನೆಯಲ್ಲಿ ಕೈ ಬರಿದಾದವನ ಊಟದ ಲೆಕ್ಕ ಅಲ್ಲಿನ ಪುಸ್ತಕದಲ್ಲಿ ಬೆಳೆಯುತ್ತಿತ್ತು. ಒಳಗೆ ದುಡಿಯುತ್ತಿದ್ದ ಮಾಣಿಗಳೂ ಜಾಹೀರಾತು ನೋಡಿ ಬಂದವರಲ್ಲ. ಇಂಥವರ ಮಗ, ಇಂಥವರ ಅಳಿಯ ಎಂಬ ಮಾತಿನ ಜಾಮೀನಿನ ಮೇಲೆ ಬಂದವರು. ಕಡಂದಲೆಯ ಕೆ. ಕೃಷ್ಣರಾಯರು ಹೀಗೆಯೇ ಅಡುಗೆಮನೆಯ ಚಾಕರಿಯಿಂದ ಆರಂಭಿಸಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆಯುವ ಮಟ್ಟಕ್ಕೆ ಏರಿದರು. ಅವರ ಏಳಿಗೆಯಲ್ಲಿ ಬುದ್ಧಿಶಕ್ತಿಯ ಪಾಲು ದೊಡ್ಡದು, ಸಂದೇಹವಿಲ್ಲ. ಆದರೆ ಅಪರಿಚಿತ ನಗರದಲ್ಲಿ ಒಬ್ಬ ಹುಡುಗನಿಗೆ ಮೊದಲ ಬಾಗಿಲು ತೆರೆಯುವುದು ಬುದ್ಧಿಯಲ್ಲ, ಪರಿಚಯ.

ದೂರದಿಂದಲೇ ಕೆಲಸ ಮುಗಿಸಿಕೊಳ್ಳುವ ಅನುಕೂಲವು ನಮ್ಮ ಕಾಲದ ಹೊಸ ಸೃಷ್ಟಿಯೆಂದು ಭಾವಿಸುವುದು ಸರಿಯಲ್ಲ. ಅಂಚೆ ಇಲಾಖೆಯು 1877ರಲ್ಲಿ ವಿ. ಪಿ. ಪದ್ಧತಿಯನ್ನೂ 1880ರಲ್ಲಿ ಮನಿಯಾರ್ಡರನ್ನೂ ಜಾರಿಗೆ ತಂದಿತು. ಮದರಾಸಿನ ಕನ್ನಡ ಓದುಗನು ಧಾರವಾಡದಿಂದಲೋ ಮೈಸೂರಿನಿಂದಲೋ ಪುಸ್ತಕವನ್ನು ವಿ. ಪಿ. ಮೂಲಕ ತರಿಸಿಕೊಳ್ಳಬಹುದಾಯಿತು, ಅಂಗಡಿಯನ್ನು ಕಾಣುವ ಅಗತ್ಯವೇ ಇಲ್ಲ. ಆ ಕಾಲದಲ್ಲಿಯೇ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಚೆಯು ಇದ್ದ ಓದುಗನಿಗೆ ಪುಸ್ತಕವನ್ನು ತಲುಪಿಸಿತು. ಗಳಗನಾಥರು ಇಲ್ಲದ ಓದುಗನನ್ನು ಉಂಟುಮಾಡಿದರು. ಎರಡನೆಯ ಕೆಲಸವನ್ನು ಯಾವ ಇಲಾಖೆಯೂ ಮಾಡಿಕೊಡಲಾರದು.

ಮನಿಯಾರ್ಡರಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಹೋಟೆಲಿನ ಮಾಣಿಯು ಮದರಾಸಿನ ಅಂಚೆಕಚೇರಿಯ ಕಿಟಕಿಯಲ್ಲಿ ಕಟ್ಟಿದ ಹಣವು ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಅವನ ತಾಯಿಯ ಕೈಗೆ ಸಿಕ್ಕುತ್ತಿತ್ತು. ಕೊಡುತ್ತಿದ್ದವನು ಅಂಚೆಯವನು. ಅವನು ಹಣವನ್ನು ಎಣಿಸಿಕೊಟ್ಟು, ಫಾರಮ್ಮಿನ ಚೂರಿನಲ್ಲಿ ಬರೆದಿದ್ದ ಎರಡು ಸಾಲನ್ನು ಓದಿ ಹೇಳಿ, ಅಕ್ಷರ ಬಾರದವಳ ಹೆಬ್ಬೆರಳನ್ನು ಒತ್ತಿಸಿಕೊಂಡು ಹೋಗುತ್ತಿದ್ದನು. ಎರಡು ತುದಿಗಳಲ್ಲಿ ಎರಡು ಮುಖಗಳು; ನಡುವೆ ಮಾತ್ರ ದೂರ. ಹಳೆಯ ಕಾಲದ ದೂರವ್ಯವಹಾರಕ್ಕೂ ಇಂದಿನದಕ್ಕೂ ಇರುವ ಅಂತರವೆಲ್ಲ ಇಲ್ಲಿಯೇ ಇದೆ.

ಕರಾವಳಿಯ ಜನ ಈ ತತ್ತ್ವವನ್ನು ಬ್ಯಾಂಕಿಗೂ ಅನ್ವಯಿಸಿದರು. 1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನಾದರೂ ಸರಿಯೆ, ಬ್ಯಾಂಕಿನ ಪ್ರತಿನಿಧಿಯು ಮನೆಯ ಬಾಗಿಲಿಗೇ ಬಂದು ಪಡೆಯುತ್ತಿದ್ದನು. ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಆದರೆ ಇದರ ಬಲವಿದ್ದುದು ಬಾಗಿಲಿನಲ್ಲಲ್ಲ, ಬಂದವನಲ್ಲಿ. ನೇಕಾರನಿಗೂ ಮೀನು ಮಾರುವವಳಿಗೂ ಎರಡಾಣೆಯನ್ನು ಎತ್ತಿಡುವ ಮನಸ್ಸು ಬಂದುದು, ನಾಳೆಯೂ ಅದೇ ಮನುಷ್ಯ ಬಂದು ನಿಲ್ಲುತ್ತಾನೆ, ಇಲ್ಲವೆನ್ನಲು ನಾಚಿಕೆಯಾಗುತ್ತದೆ ಎಂಬ ಕಾರಣದಿಂದ.

ಇಷ್ಟು ಹೇಳಿದ ಮೇಲೆ ಇದರ ಕತ್ತಲ ಮಗ್ಗುಲನ್ನು ಮರೆಮಾಚಿದರೆ ಅದು ಇತಿಹಾಸವಾಗದು. ಮುಖ ನೋಡಿ ಒಳಗೆ ಬಿಡುವ ಬಾಗಿಲು ಮುಖ ನೋಡಿಯೇ ಹೊರಗೂ ನಿಲ್ಲಿಸುತ್ತದೆ. ಮದರಾಸು ಪ್ರಾಂತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿತ್ತು. ದಲಿತರಿಗೆ ಪ್ರವೇಶವೇ ಇರಲಿಲ್ಲ. ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿನ ಭೇದವು ಅಳಿದುದು 1941ರಲ್ಲಿ. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿಭೇದ ಕೂಡದೆಂದು ಸಂವಿಧಾನದ 15ನೆಯ ವಿಧಿಯು 1950ರಲ್ಲಿ ಹೆಸರೆತ್ತಿಯೇ ಹೇಳಬೇಕಾಯಿತು. ಅನಂತರವೂ ಹೋಟೆಲಿನ ಫಲಕದ ಮೇಲೆ ಜಾತಿಯ ಹೆಸರನ್ನು ಬರೆಯುವುದರ ವಿರುದ್ಧ ಪೆರಿಯಾರರು 1957ರಲ್ಲಿ ಟ್ರಿಪ್ಲಿಕೇನಿನಲ್ಲಿ ಚಳವಳಿ ಹೂಡಿದರು. ಸಹಕಾರದ ಅಂಗಡಿ ಹುಟ್ಟಿದ ಕೇರಿಯೂ ಅದೇ. ಯಂತ್ರವು ಯಾರ ಮುಖವನ್ನೂ ನೋಡುವುದಿಲ್ಲವೆಂಬ ದೂರನ್ನು ಕೇಳಿದಾಗ, ಆ ಮಾತಿನಿಂದ ಸಮಾಧಾನಪಡುವವರೂ ಈ ನಾಡಿನಲ್ಲಿದ್ದಾರೆಂಬುದನ್ನು ಮರೆಯಬಾರದು.

ಅನುಕೂಲವೂ ಸಮಾಗಮವೂ ಯಾವಾಗಲೂ ಒಂದಕ್ಕೊಂದು ವೈರಿಗಳೆಂದು ಹೇಳುವಂತಿಲ್ಲ. 1962ರಲ್ಲಿ ಕೃಷ್ಣರಾಯರು ಕತೀಡ್ರಲ್ ರಸ್ತೆಯ ತೋಟದ ನೆಲದಲ್ಲಿ ಡ್ರೈವ್-ಇನ್ ಹೋಟೆಲನ್ನು ತೆರೆದರು. ಕಾರಿನಿಂದ ಇಳಿಯುವ ಕಷ್ಟವೂ ಬೇಡ, ಕಿಟಕಿಗೇ ತಟ್ಟೆ ಬರುತ್ತದೆ ಎಂಬುದೇ ಅದರ ಆಕರ್ಷಣೆ. ಆದರೆ ನಡೆದುದು ಬೇರೆ. ಅವಸರದವರಿಗಾಗಿ ಏರ್ಪಟ್ಟ ಆ ಸ್ಥಳವು ಅವಸರವಿಲ್ಲದವರ ತಾಣವಾಯಿತು. ಸಿನಿಮಾದವರು, ಔಷಧ ಕಂಪನಿಗಳ ಪ್ರತಿನಿಧಿಗಳು, ವಿದ್ಯಾರ್ಥಿಗಳು ಮರಗಳ ಕೆಳಗೆ ಒಂದು ಕಾಫಿಗೆ ಎರಡು ಗಂಟೆ ಕುಳಿತರು. 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಆ ನೆಲದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಎದ್ದಿತು. ಮರಗಳು ಉಳಿದಿವೆ, ಅದೇ ಸಂತೋಷ.

ಮುಂದಿನ ಬದಲಾವಣೆಗಳು ಬೇಗಬೇಗನೆ ಬಂದವು. 2002ರಲ್ಲಿ ರೈಲಿನ ಟಿಕೆಟನ್ನು ಅಂತರ್ಜಾಲದಲ್ಲಿ ಕೊಳ್ಳುವ ಏರ್ಪಾಡಾಯಿತು. ಸೆಂಟ್ರಲ್ಲಿನಲ್ಲಿ ಮಂಗಳೂರಿನ ಗಾಡಿಗಾಗಿ ರಾತ್ರಿಯಿಂದ ಸಾಲು ನಿಂತವರು ಅದನ್ನು ಹರಸಿಯೇ ಹರಸಿರಬೇಕು. ಸಾಲಿನಲ್ಲಿ ಸಿಕ್ಕ ಊರಿನವರ ಪರಿಚಯವು ಆ ನಿದ್ರೆಗೇಡಿಗೆ ತಕ್ಕ ಬೆಲೆಯೆಂದು ವಾದಿಸುವವರು ಯಾರೂ ಸಿಕ್ಕರು. 2016ರಲ್ಲಿ ಯುಪಿಐ ಬಂದಿತು. ಅದೇ ನವೆಂಬರಿನ ನೋಟು ರದ್ದತಿಯು ಜನರನ್ನು ಅದರ ಕಡೆಗೆ ತಳ್ಳಿತು. 2020ರ ಮೇ ತಿಂಗಳಲ್ಲಿ ಕೋಯಂಬೇಡಿನ ಮಾರುಕಟ್ಟೆಯು ಕೊರೋನಾ ಸೋಂಕಿನ ಕೇಂದ್ರವೆನಿಸಿ ಮುಚ್ಚಿದಾಗ ಮುಖಾಮುಖಿಯೇ ಅಪಾಯವಾಯಿತು. 1996ರಲ್ಲಿ ಜಾರ್ಜ್‌ಟೌನಿನ ಕೊತ್ವಾಲ್ ಚಾವಡಿಯಿಂದ ಸ್ಥಳಾಂತರಗೊಂಡಿದ್ದ ಮಾರುಕಟ್ಟೆಯದು. ಸೆಪ್ಟೆಂಬರಿನಲ್ಲಿ ಅದು ಮತ್ತೆ ತೆರೆಯುವಷ್ಟರಲ್ಲಿ ಮೊಬೈಲಿನಲ್ಲಿ ತರಕಾರಿ ತರಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ನೆಲೆಗೊಂಡಿತ್ತು. ಆ ದಿನಗಳಲ್ಲಿ ಮೊಬೈಲು ಜೀವಗಳನ್ನು ಉಳಿಸಿತೆಂಬುದನ್ನು ಒಪ್ಪಲೇಬೇಕು.

ಒಪ್ಪಿದ ಮೇಲೂ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ಮೊಬೈಲಿನಲ್ಲಿ ಹಣ ತೆತ್ತವನಿಗೆ ಪದಾರ್ಥ ಸಿಕ್ಕುತ್ತದೆ. ಹಣವಿಲ್ಲದವನಿಗೆ ಮುಂದಿನ ವಾರದವರೆಗೆ ತಾಳುವವರು ಅಲ್ಲಿಲ್ಲ. ಸಾಲ ಕೊಡುವ ಆ್ಯಪ್‌ಗಳಿವೆ, ನಿಜ. ಅವುಗಳಿಗೆ ಮನುಷ್ಯನ ಅಂಕೆಸಂಖ್ಯೆ ಗೊತ್ತು, ಅವನ ಮನೆಯಲ್ಲಿ ಕಾಯಿಲೆಯೆಂಬುದು ಗೊತ್ತಿಲ್ಲ. ಮೂಲೆಯ ಅಣ್ಣಾಚಿಯ ಅಂಗಡಿಗೆ ಅದು ಗೊತ್ತು. ಊರಿನಿಂದ ಹೊಸದಾಗಿ ಬಂದ ಕನ್ನಡದ ಯುವಕನು ಇಂದು ಒಂದು ತಮಿಳು ಮಾತನ್ನೂ ಕಲಿಯದೆ, ಒಬ್ಬ ಕನ್ನಡಿಗನನ್ನೂ ಕಾಣದೆ ಚೆನ್ನೈಯಲ್ಲಿ ವರ್ಷಗಟ್ಟಲೆ ಸುಖವಾಗಿ ಇರಬಲ್ಲನು. ಎರಡು ಭಾಷೆಗಳಿಗೂ ಇದು ನಷ್ಟವೇ. ಅವನಿಗೆ ಆಗುವ ನಷ್ಟವು ಕಷ್ಟ ಬಂದ ದಿನ ತಿಳಿಯುತ್ತದೆ.

ತಮಿಳುನಾಡಿನ ನ್ಯಾಯಬೆಲೆ ಅಂಗಡಿಗಳಲ್ಲಿ 2020ರಿಂದ ಬೆರಳ ಗುರುತನ್ನು ಯಂತ್ರವು ಓದುತ್ತದೆ. ಟ್ರಿಪ್ಲಿಕೇನಿನ ಹಳೆಯ ಸೊಸೈಟಿಯೂ ಇಂದು ಇಂತಹ ಅಂಗಡಿಗಳನ್ನು ನಡೆಸುತ್ತದೆ. ಕಳ್ಳಚೀಟಿಗಳನ್ನು ತಡೆಯಲು ಯಂತ್ರವು ಬೇಕಾದುದೇ. ಆದರೆ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಬೆರಳ ರೇಖೆಗಳು ಸವೆದ ಮುದುಕಿಯರಿದ್ದಾರೆ. ತಕ್ಕಡಿಯ ಹಿಂದಿನವನು ಅವರನ್ನು ಎಷ್ಟೋ ವರ್ಷಗಳಿಂದ ಬಲ್ಲನು. ಆದರೂ ಯಂತ್ರವು ಗುರುತಿಸಲು ತಡವರಿಸಿದರೆ ಅವನ ಅರಿವೊಂದೇ ಸಾಲದು. ನಿಕಲ್ಸನ್ನನು ಯಾವುದನ್ನು ಬಂಡವಾಳವೆಂದು ಎಣಿಸಿದನೋ ಅದಕ್ಕೆ ಅಲ್ಲಿ ಬೆಲೆಯಿಲ್ಲ.

ಕರಾವಳಿಯಲ್ಲಿ ಬೇರೊಂದು ದೃಶ್ಯವಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ಪದ್ಧತಿ ಮಾತ್ರ ಅದರೊಡನೆ ಅಳಿಯಲಿಲ್ಲ. ಅಲ್ಲಿನ ಸಹಕಾರಿ ಸಂಘಗಳ ಸಂಗ್ರಾಹಕರು ಇಂದಿಗೂ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ಕೈಯಲ್ಲಿ ರಸೀತಿಯ ಪುಸ್ತಕದ ಬದಲು ಚಿಕ್ಕದೊಂದು ಯಂತ್ರವಿದೆ, ಅದರಿಂದ ಚೀಟಿ ಹೊರಬರುತ್ತದೆ. ಮೂರು ದಿನ ಬಾಗಿಲು ತೆರೆಯದ ಅಂಗಡಿಯ ಮುಂದೆ ಅವರು ನಿಂತು ಪಕ್ಕದವರನ್ನು ವಿಚಾರಿಸುತ್ತಾರೆ.