ಹಂದಿಗೋಡಿನ ಕೀಲುರೋಗವೂ ಮಲೆನಾಡಿನ ಕೂಸೂ



ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂದೊಡನೆ ಕಾಫಿಯ ಹೂವೂ ಬಿಡದೆ ಸುರಿಯುವ ಮಳೆಯೂ ನಮ್ಮ ನೆನಪಿಗೆ ಬರುವುವು. ಅಲ್ಲಿಯ ತೋಟಗಳಲ್ಲಿಯೂ ಗದ್ದೆಗಳಲ್ಲಿಯೂ ದುಡಿಯುವವರಿಗೆ ಕೈಕಾಲುಗಳೇ ಆಸ್ತಿ. ಆ ಆಸ್ತಿಯಲ್ಲಿಯೇ ಕುಂದನ್ನು ಹೊತ್ತು ಹುಟ್ಟುವ ಕೂಸಿನ ಪಾಡೇನು? ಇದನ್ನು ವಿಚಾರಮಾಡುವುದಕ್ಕೆ ಮಲೆನಾಡಿನ ಇತಿಹಾಸದಲ್ಲಿಯೇ ಒಂದು ನಿದರ್ಶನವುಂಟು.

1970ರ ದಶಕದ ನಡುವೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ವಿಚಿತ್ರವಾದ ಕೀಲುರೋಗವೊಂದು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಕೀಲುಗಳು ಸವೆದು ನಡಿಗೆ ಕುಂಟಾಗುವುದು. ಕೆಲವರಲ್ಲಿ ಬೆನ್ನೆಲುಬೂ ಕೆಟ್ಟು ಮೈ ಗಿಡ್ಡಾಗುವುದು. ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇಂತಹ ಕುಟುಂಬಗಳು ಕಂಡುಬಂದುವು. ರೋಗಿಗಳಲ್ಲಿ ಬಹುಮಂದಿ ಬಡ ದಲಿತ ಕೂಲಿಕಾರರು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಸಂಶೋಧಕರು 1978ರಲ್ಲಿ ಈ ರೋಗದ ವರ್ಣನೆಯನ್ನು ಪ್ರಕಟಿಸಿದರು. ಕೀಟನಾಶಕ ಬಿದ್ದ ಗದ್ದೆಗಳ ಏಡಿಯನ್ನು ತಿಂದದ್ದೇ ಕಾರಣವಿರಬೇಕೆಂಬ ಶಂಕೆಯು ಆಗ ಹಬ್ಬಿತು. ಮುಂದೆ ವಂಶಾವಳಿಗಳನ್ನೂ ಎಕ್ಸ್‌ರೇ ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿದ ತಜ್ಞರು, ಇದು ಎಲುಬಿನ ಬೆಳವಣಿಗೆಯಲ್ಲಿನ ಅಪೂರ್ವವಾದ ಆನುವಂಶಿಕ ದೋಷವೆಂದು 1990ರ ದಶಕದಲ್ಲಿ ನಿರ್ಣಯಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಗೆ ಇದಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಇಳಿಯುವ ಸಂಭವ ಅರ್ಧಕ್ಕರ್ಧ.

ಆದರೆ ಈ ದೋಷವು ತೊಟ್ಟಿಲಿನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳದು. ಮಗು ಬೆಳೆಯುತ್ತ ಬಂದಂತೆ ನೋವು ತಲೆದೋರುವುದು. ಆದಕಾರಣ ಅಂತಹ ಮನೆಯ ಕೂಸನ್ನು ನೋಡುವ ವೈದ್ಯನು ಮೊದಲು ಮನೆತನದ ವೃತ್ತಾಂತವನ್ನು ಕೇಳಬೇಕು. ಬಳಿಕ ವರ್ಷವರ್ಷವೂ ಮಗುವಿನ ನಡಿಗೆಯನ್ನು ಗಮನಿಸಬೇಕು.

ಹುಟ್ಟುವಾಗಲೇ ಕಾಣುವ ದೋಷಗಳ ಮಾತು ಬೇರೆ. ಪಾದವು ಒಳಕ್ಕೆ ತಿರುಚಿಕೊಂಡಿರುವ ಸೊಟ್ಟಪಾದವನ್ನು ವಾರವಾರವೂ ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಕಟ್ಟುವ ಕ್ರಮವನ್ನು ಅಮೆರಿಕದ ಅಯೋವಾದಲ್ಲಿ ಡಾಕ್ಟರ್ ಇಗ್ನೇಷಿಯೋ ಪೊನ್ಸೆಟಿಯವರು ರೂಪಿಸಿದರು. ಮೊದಲ ವಾರಗಳಲ್ಲಿಯೇ ಆರಂಭಿಸಿದರೆ ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ ಬಹುಪಾಲು ಪಾದಗಳು ನೆಟ್ಟಗಾಗುವುವು. ಅನಂತರ ಸುಮಾರು ನಾಲ್ಕು ವರ್ಷದವರೆಗೆ ರಾತ್ರಿಯಲ್ಲಿ ಪಟ್ಟಿಯ ಬೂಟು ತೊಡಿಸಬೇಕು. ಬಿಟ್ಟರೆ ಪಾದ ಮತ್ತೆ ತಿರುಚುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ನವಜಾತರಲ್ಲಿ ಈ ದೋಷವನ್ನೂ ಸೊಂಟದ ಕೀಲಿನ ದೋಷವನ್ನೂ ಹುಡುಕುವ ಕೆಲಸವನ್ನು ಕೈಗೊಂಡಿತು.

ಜಡಿಮಳೆಯಲ್ಲಿ ಕೂಸನ್ನೆತ್ತಿಕೊಂಡು ವಾರವಾರವೂ ಘಟ್ಟದ ದಾರಿ ಇಳಿಯುವುದು ಕೂಲಿಯ ತಾಯಿಗೆ ಸುಲಭವಲ್ಲ. ಅಂದಿನ ಕೂಲಿಯೂ ಹೋಗುವುದು. ಗ್ರಹಣ ಸೋಂಕಿತೆಂದು ಅವಳನ್ನು ಹಳಿಯುವ ಬದಲು ಆ ದಾರಿಯನ್ನು ಹಗುರಮಾಡುವುದು ನಮ್ಮ ಕರ್ತವ್ಯ. ಹಂದಿಗೋಡಿನ ಜನರು ತಮ್ಮ ನೋವಿಗೆ ಹೆಸರು ದೊರೆಯುವುದಕ್ಕೇ ಬಹುಕಾಲ ಕಾದರು. ಕೂಸಿನ ಎಲುಬಾದರೋ ಕಾಯುವುದಿಲ್ಲ.